ಕುಡಿದು ಗುದ್ದಿದವನ ಕೇಸಿಗೆ ಬರೀ ವಾಯಿದೆ, ಏನು ಮಾಡಲಿ?

ಪ್ರಶ್ನೆ: 2022ರ ಡಿಸೆಂಬರಿನಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ನನಗೆ ಕುಡಿದಿದ್ದ ಒಬ್ಬಾತ ಕಾರಿನಲ್ಲಿ ಬಂದು ಗುದ್ದಿದ. ಕಾಲಿಗೆ ರಾಡ್ ಹಾಕಿದ್ದಾರೆ. ಪರಿಹಾರದ ಹಣವೇನೋ ಬಂತು. ಕ್ರಿಮಿನಲ್ ಕೇಸ್ ಮಾತ್ರ ಮುಂದಕ್ಕೆ ಹೋಗುತ್ತಲೇ ಇದೆ. ಆತ ಇವತ್ತಿಗೂ ನಮ್ಮ ಬೀದಿಯಲ್ಲೇ ಕಾರು ಓಡಿಸುತ್ತಾನೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ‘ಕೋರ್ಟ್ ಅಂದ್ರೆ ಹಾಗೇ’ ಎಂದು ಯಾರಾದರೂ ಹೇಳಿದರೆ ಸುಮ್ನೆ ಒಪ್ಪಬೇಡಿ. ಕೇಸ್ ಎಲ್ಲಿ ನಿಂತಿದೆ ಎಂದು ಮೊದಲು ನೋಡಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿದರೆ ಹಿಂದಿನ ಡೇಟುಗಳೆಲ್ಲ ಸಿಗುತ್ತವೆ, ಯಾವ ದಿನ ಏತಕ್ಕೆ ಇಟ್ಟಿದ್ದರು ಎನ್ನುವುದೂ ಇರುತ್ತದೆ. ಪ್ರತಿ ಸಲವೂ ‘ಸಮನ್ಸ್’ ಅಂತಲೇ ಇದ್ದರೆ ಅದು ಯಾರಿಗೋ ಮುಟ್ಟಿಲ್ಲ ಎಂದರ್ಥ. ‘ಎವಿಡೆನ್ಸ್’ ಅಂತ ಇದ್ದರೆ ಬಹುಶಃ ಸಾಕ್ಷಿಗಳು ಬರುತ್ತಿಲ್ಲ.

ಇಂಥ ಕೇಸು ಜಾಸ್ತಿ ಸಿಕ್ಕಿಕೊಳ್ಳುವುದು ಸಾಕ್ಷಿಯಲ್ಲೇ. ರಸ್ತೆಯಲ್ಲಿ ಪೊಲೀಸರು ಊದಿಸಿದಾಗ ಸಿಕ್ಕಿಬಿದ್ದವನು ತಪ್ಪೊಪ್ಪಿಕೊಂಡು 10 ಸಾವಿರ ದಂಡ ಕಟ್ಟಿದರೆ ಒಂದೇ ದಿನಕ್ಕೆ ಮುಗಿದೀತು. ಯಾರಿಗಾದರೂ ಪೆಟ್ಟಾಗಿದ್ದರೆ ಜೈಲಿನ ಭಯ ಇರುತ್ತದೆ, ಆತ ಒಪ್ಪುವುದಿಲ್ಲ. ಆಗ 100 ಮಿಲಿ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿತ್ತು ಎಂದು ತೋರಿಸಬೇಕು, ಊದಿಸಿದ ಪೊಲೀಸರು, ರಕ್ತ ತೆಗೆದ ಡಾಕ್ಟರ್, ಮಹಜರಿಗೆ ಸಹಿ ಹಾಕಿದವರು ಬಂದು ಹೇಳಬೇಕು, ಅಷ್ಟರಲ್ಲಿ ಡಾಕ್ಟರಿಗೂ ವರ್ಗ, ಪೊಲೀಸರಿಗೂ ವರ್ಗ. ಎಳೆದಷ್ಟೂ ಆರೋಪಿಗೇ ಲಾಭ. ದೆಹಲಿಯಲ್ಲಿ 1999ರಲ್ಲಿ ಬಿಎಂಡಬ್ಲ್ಯು ಕಾರು ಆರು ಜನರನ್ನು ಬಲಿ ತೆಗೆದುಕೊಂಡ ಕೇಸ್ ಸುಪ್ರೀಂ ಕೋರ್ಟಿನಲ್ಲಿ ಮುಗಿದಿದ್ದು 2012ರಲ್ಲಿ. ನಡುವೆ ಸಾಕ್ಷಿ ಹೇಳಬೇಕಾದವರೇ ತಿರುಗಿಬಿದ್ದಿದ್ದರು. ನನಗೆ ತೀರಾ ನೋವಾಗುವುದು ಇದಕ್ಕೇ.

ಹಾಗಾಗಿ ಸರ್ಕಾರಿ ವಕೀಲರನ್ನು ನೀವೇ ಹೋಗಿ ನೋಡಿ. ಯಾವ ಸಾಕ್ಷಿ ಬಾಕಿ, ಡಾಕ್ಟರ್ ಈಗ ಯಾವ ಊರಲ್ಲಿದ್ದಾರೆ ಎಂದು ಕೇಳಿ, ಹೊಸ ವಿಳಾಸ ಗೊತ್ತಿದ್ದರೆ ಬರೆದು ಕೊಡಿ. ಸರ್ಕಾರಿ ವಕೀಲರಿಗೆ ನೆರವಾಗಲು ನಿಮ್ಮ ಕಡೆಯಿಂದ ಒಬ್ಬ ವಕೀಲರನ್ನು ಇಡಲು ಕೋರ್ಟಿನ ಅನುಮತಿ ಕೇಳಬಹುದು. ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟಿದ್ದರೂ ಸರಿ. ಇದಕ್ಕೂ ಜಗ್ಗದಿದ್ದರೆ, ಇಷ್ಟು ತಿಂಗಳೊಳಗೆ ಮುಗಿಸಿ ಎಂದು ಸೂಚನೆ ಕೊಡುವಂತೆ ಹೈಕೋರ್ಟನ್ನು ಕೇಳಿಕೊಳ್ಳಬಹುದು.

ಇನ್ನು ಆತನ ಡಿಎಲ್. ಅದಕ್ಕೆ ತೀರ್ಪು ಬರುವವರೆಗೆ ಕಾಯಬೇಕಾಗಿಲ್ಲ, ತುಂಬಾ ಜನರಿಗೆ ಇದು ಗೊತ್ತೇ ಇಲ್ಲ. ಕುಡಿದು ಓಡಿಸಿದವನ ಡಿಎಲ್ಲನ್ನು ಪೊಲೀಸರು ವಶಕ್ಕೆ ಪಡೆದು ಆರ್‌ಟಿಒಗೆ ಕಳಿಸಬೇಕು, ಮೊದಲ ಸಲದ ತಪ್ಪಿಗೆ ಅದನ್ನು ಮೂರು ತಿಂಗಳು ಅಮಾನತಿನಲ್ಲಿಡಲು ಮೋಟಾರು ವಾಹನ ಕಾಯ್ದೆಯಲ್ಲೇ ಅವಕಾಶ ಇದೆ. ನಿಮ್ಮ ಕೇಸಿನಲ್ಲಿ ಕಳಿಸಿದ್ದರಾ? ಎಫ್‌ಐಆರ್, ಚಾರ್ಜ್‌ಶೀಟಿನ ನಕಲು ಇಟ್ಟು ಆರ್‌ಟಿಒಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ.