ಯಾರ ಕಡೆಯ ರಕ್ತ?

(ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ.)

ದಕ್ಷಿಣ ಕೊಡಗಿನ ಕಾಫಿ ತೋಟವೊಂದರ ಲೈನ್ ಮನೆಯವರು. ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ನನ್ನ ಬಳಿಗೆ ಗಂಡ, ಹೆಂಡತಿ, ಅತ್ತೆ ಬಂದಿದ್ದರು. ಆರು ವರ್ಷದ ಮಗನಿಗೆ ಮಳೆ ಹಿಡಿದರೆ ಕೈಕಾಲು ನೋವು, ರಾತ್ರಿಯಿಡೀ ಅಳು. ಕಣ್ಣು ಹಳದಿಯಾಗಿದ್ದಕ್ಕೆ ಕಾಮಾಲೆಯೆಂದು ನಾಟಿ ಮದ್ದು ಕುಡಿಸಿದ್ದೂ ಆಗಿತ್ತು. ಕೊನೆಗೆ ರಕ್ತ ಪರೀಕ್ಷೆಯಲ್ಲಿ ಸಿಕಲ್ ಸೆಲ್ ಕಾಯಿಲೆ ಎಂದು ತಿಳಿಯಿತು. ರಿಪೋರ್ಟಿನಲ್ಲಿ ‘ಎಸ್ಎಸ್’ ಎಂದಿತ್ತು. ತಾಯಿ ವಾಹಕಿ, ಅಂದರೆ ಕಾಯಿಲೆಯ ಜೀನ್ ಒಂದೇ ಪ್ರತಿ ಇದ್ದು ತನಗೆ ಕಾಯಿಲೆಯಿಲ್ಲದವಳು. ಈಗ ಮತ್ತೆ ಎರಡು ತಿಂಗಳ ಬಸುರಿ. ಗಂಡ ಪರೀಕ್ಷೆಯನ್ನೇ ಮಾಡಿಸಿರಲಿಲ್ಲ.

“ನಮ್ಮ ಮನೇಲಿ ಇಂಥದ್ದು ಇರಲಿಲ್ಲ ಮೇಡಂ, ಇವಳ ತವರಿಂದ ಬಂದದ್ದು” ಎಂದರು ಅತ್ತೆ.

“ಇಲ್ಲಮ್ಮ, ‘ಎಸ್ಎಸ್’ ಅಂದರೆ ಕಾಯಿಲೆಯ ಜೀನ್ ಎರಡು ಪ್ರತಿ; ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ” ಎಂದೆ. ಗಂಡನನ್ನು ಬೇರೆಯಾಗಿ ಕೂರಿಸಿಕೊಂಡು, ರಿಪೋರ್ಟು ಅವರ ಕೈಗೆ ಮಾತ್ರ ಸಿಗುತ್ತದೆ ಎಂದು ಹೇಳಿದ ಮೇಲೆ ರಕ್ತ ಕೊಡಲು ಒಪ್ಪಿದರು. ಇಂಥ ಕಡೆ ಎಲ್ಲರೆದುರು ಫಲಿತಾಂಶ ಓದಿ ಹೇಳುವುದು ನನಗೆ ಸರಿಬರುವುದಿಲ್ಲ. ಗಂಡನೂ ವಾಹಕರೇ ಎಂದು ಬಂತು. ಅಮ್ಮನಿಗೆ ತಾವೇ ಹೇಳಿದರು.

ತಪ್ಪಿರುವುದು ಡಿಎನ್ಎಯ ಒಂದೇ ಅಕ್ಷರ. ಹನ್ನೊಂದನೇ ವರ್ಣತಂತುವಿನಲ್ಲಿ, ಹಿಮೋಗ್ಲೋಬಿನ್ನಿನ ಒಂದು ಭಾಗವನ್ನು ಕಟ್ಟುವ ಬೀಟಾ ಗ್ಲೋಬಿನ್ ಜೀನ್‌ನಲ್ಲಿ ‘ಎ’ ಇರಬೇಕಾದಲ್ಲಿ ‘ಟಿ’. ಹಾಗಾಗಿ ಪ್ರೋಟೀನಿನ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲವೆಂಬ ಅಮೈನೋ ಆಮ್ಲದ ಬದಲು ವ್ಯಾಲಿನ್. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ, ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನೋವು ಅದರದ್ದು. ಸುಮಾರು 120 ದಿನ ಬಾಳಬೇಕಾದ ಕಣ 10–20 ದಿನಕ್ಕೇ ಒಡೆಯುತ್ತದೆ. ಕಣ್ಣಿನ ಹಳದಿ ಅದರದ್ದು.

ಅತ್ತೆಗೆ ಇನ್ನೊಂದು ಮಾತೂ ಹೇಳಿದೆ. ಒಂದೇ ಪ್ರತಿ ಇರುವ ವಾಹಕರಿಗೆ ಚಿಕ್ಕಂದಿನಲ್ಲಿ ಮಲೇರಿಯಾ ವಿಪರೀತಕ್ಕೆ ಹೋಗುವುದು ಕಡಿಮೆ. 1954ರಲ್ಲೇ ವಿಜ್ಞಾನಿ ಆಂಥನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಇದನ್ನು ತೋರಿಸಿದರು. ಮಲೇರಿಯಾ ಕಾಡಿದ ಕಡೆಗಳಲ್ಲಿ ಈ ಜೀನ್ ಉಳಿದುಬಂದದ್ದು ಹಾಗೆ. ಶಾಪವೂ ಅಲ್ಲ, ಯಾರ ನಡತೆಯ ಫಲವೂ ಅಲ್ಲ. ಅವರು ಒಪ್ಪಿದರೋ ಇಲ್ಲವೋ, ಸೊಸೆಯ ಮೇಲಿನ ಮಾತಂತೂ ನಿಂತಿತು.

ಇಬ್ಬರೂ ವಾಹಕರಾದರೆ ನಾಲ್ಕರಲ್ಲಿ ಒಂದು ಮಗುವಿಗೆ ಕಾಯಿಲೆ ಬರುವ ಸಂಭವ ಎಂದೂ ಹೇಳಿದ್ದೆ. ಗಂಡನದು ಬೇರೆ ಲೆಕ್ಕ. “ನಾಲ್ಕರಲ್ಲಿ ಒಂದಕ್ಕೆ ಅಂದ್ರಲ್ಲ, ಒಂದು ಆಯ್ತು. ಇನ್ನು ಮೂರಕ್ಕೆ ತೊಂದರೆ ಇಲ್ವಲ್ಲ?” ಈ ಪ್ರಶ್ನೆ ಬಹಳ ಜನ ಕೇಳುತ್ತಾರೆ, ಕೇಳದೆ ನಂಬಿ ಕೂರುವವರು ಇನ್ನೂ ಹೆಚ್ಚು. ಪ್ರತಿ ಬಸುರಿಗೂ ಕವಡೆ ಹೊಸದಾಗಿ ಹಾಕಿದಂತೆ: ಕಾಯಿಲೆ ಬರುವ ಸಂಭವ ಶೇ. 25, ವಾಹಕವಾಗುವುದು ಶೇ. 50, ಎರಡೂ ಇಲ್ಲದಿರುವುದು ಶೇ. 25. ಹಿಂದಿನ ಮಗುವಿನ ಲೆಕ್ಕ ಮುಂದಿನದಕ್ಕೆ ಸೇರುವುದಿಲ್ಲ.

ಹೊಟ್ಟೆಯಲ್ಲಿರುವ ಮಗುವಿಗೆ ಹತ್ತು ವಾರ ದಾಟಿದ ಮೇಲೆ ಮಾಸಿನ ಚೂರು ತೆಗೆದು ಪರೀಕ್ಷೆ ಮಾಡಬಹುದು. ಗರ್ಭಪಾತದ ಅಪಾಯ ಸ್ವಲ್ಪ ಇದೆ. ಮಾಡಿಸುವುದು, ಬಿಡುವುದು, ಆಮೇಲಿನ ತೀರ್ಮಾನ ನಿಮ್ಮಿಬ್ಬರದು, ಆದರೆ ತಡಮಾಡಬೇಡಿ ಎಂದೆ. ಮಾಡಿಸುತ್ತೇವೆ ಎಂದರು.

ಹುಡುಗನಿಗೆ ವೈದ್ಯರು ನೋವು ಮರುಕಳಿಸುವುದನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ, ಫೋಲಿಕ್ ಆಸಿಡ್ ಬರೆದಿದ್ದರು. ನೋವು ಇಲ್ಲದ ದಿನವೂ ನಿಲ್ಲಿಸಬಾರದು. ಶಾಲೆಯಿಂದ ನೆನೆದು ಬಂದರೆ ಮೊದಲು ಒಣ ಬಟ್ಟೆ, ಆಮೇಲೆ ಮಿಕ್ಕದ್ದು. ಚಳಿಯಲ್ಲಿ ಬಾಯಾರಿಕೆ ಆಗುವುದಿಲ್ಲ, ಕೇಳಿ ಕೇಳಿ ನೀರು ಕುಡಿಸಬೇಕು. ರಕ್ತ ಕಡಿಮೆ ಎಂದು ಅಂಗಡಿಯಿಂದ ಕಬ್ಬಿಣದ ಟಾನಿಕ್ ತಂದು ಹಾಕಬೇಡಿ. ಜ್ವರ, ಎದೆನೋವು, ಹೊಟ್ಟೆಯ ಎಡಭಾಗ ಊದಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ.

ಹೊರಡುವಾಗ ಅತ್ತೆ ಮೆಲ್ಲಗೆ ಕೇಳಿದರು: ಕಿರಿಯ ಮಗಳಿಗೆ ಸಂಬಂಧ ನೋಡುತ್ತಿದ್ದಾರಂತೆ. 2023ರ ಜುಲೈನಲ್ಲಿ ಶುರುವಾದ ಸಿಕಲ್ ಸೆಲ್ ರಾಷ್ಟ್ರೀಯ ಅಭಿಯಾನದಲ್ಲಿ 40 ವರ್ಷದವರೆಗಿನವರಿಗೆ ತಪಾಸಣೆ ಇದೆ, ಮಾಡಿಸಿ ಎಂದೆ. ವಾಹಕಿ ಎಂದು ಬಂದರೂ ಅವಳಿಗೆ ಕಾಯಿಲೆಯಿಲ್ಲ, ಮದುವೆಗೆ ಅಡ್ಡಿಯಿಲ್ಲ; ಹುಡುಗನ ರಕ್ತವನ್ನೂ ನೋಡಿಸಬೇಕು, ಅಷ್ಟೆ. ತಪಾಸಣೆಯ ಫಲಿತಾಂಶದ ಕಾರ್ಡನ್ನು ಮಾತ್ರ ಅವಳ ಕೈಗೇ ಕೊಡಿ, ಯಾರಿಗೆ ತೋರಿಸಬೇಕೆಂದು ಅವಳೇ ತೀರ್ಮಾನಿಸಲಿ.