ಮಾಲೀಕರು ದುಬೈಯಲ್ಲಿ, ಟೋಕನ್ ಯಾರ ಕೈಗೆ?

ಮೇ ತಿಂಗಳು ಬಂತೆಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಬಾಡಿಗೆ ಮನೆಯದ್ದೇ. ಕಾಲೇಜು ಶುರುವಾಗುತ್ತದೆ, ವರ್ಗಾವಣೆ ಆಗುತ್ತದೆ. ಕದ್ರಿಯಿಂದ ದೇರಳಕಟ್ಟೆಯವರೆಗೆ, ಅತ್ತ ಮಣಿಪಾಲದ ಈಶ್ವರನಗರದಲ್ಲಿ, ಒಂದು ಫ್ಲಾಟಿಗೆ ನಾಲ್ಕೈದು ಮಂದಿ ಕಾಯುತ್ತಾರೆ. ಆ ಅವಸರದಲ್ಲಿ ಆಗುವ ತಪ್ಪು ಮಾತ್ರ ಪ್ರತಿ ವರ್ಷವೂ ಒಂದೇ. ವಕೀಲಳಾಗಿ ಅಂಥ ಫೈಲುಗಳನ್ನು ನೋಡಿ ನೋಡಿ ನನಗೆ ಬೇಸರ ಬಂದಿದೆ. ಹಾಗಾಗಿ ಈ ಸಲ ಒಂದು ಪ್ರಶ್ನೆಗೇ ಜಾಸ್ತಿ ಜಾಗ. ಯಾವ ಆ್ಯಪ್ ಒಳ್ಳೆಯದು, ಬಾಡಿಗೆ ಹೇಗೆ ಇಳಿಸುವುದು ಎಂದು ಕೇಳಿದವರಿಗೆ ಇಲ್ಲಿ ಉತ್ತರ ಸಿಗುವುದಿಲ್ಲ.

ಮೇಡಂ, ಮಗಳಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಕಂಕನಾಡಿಯಲ್ಲಿ ಒಂದು ಫ್ಲಾಟ್ ಇಷ್ಟವಾಯಿತು. ಮಾಲೀಕರು ದುಬೈಯಲ್ಲಿದ್ದಾರಂತೆ. ತೋರಿಸಿದವರು ಅವರ ಭಾವ ಎನ್ನುತ್ತಾರೆ. ಇನ್ನೂ ಮೂವರು ಕಾಯುತ್ತಿದ್ದಾರೆ, ಇವತ್ತೇ ನನ್ನ ಖಾತೆಗೆ ಟೋಕನ್ ಹಾಕಿ ಎಂದು ಒತ್ತಾಯ. ಹಾಕಬಹುದೇ? (ಪುತ್ತೂರಿನ ಓದುಗರು)

ಹಾಕಬೇಡಿ. ಮೊದಲು ಆ ಭಾವನಿಗೆ ಮನೆ ಬಾಡಿಗೆಗೆ ಕೊಡುವ ಅಧಿಕಾರ ಇದೆಯೇ ಎಂದು ತಿಳಿದುಕೊಳ್ಳಿ.

ನಮ್ಮೂರಿನಲ್ಲಿ ಎಷ್ಟೋ ಫ್ಲಾಟುಗಳ ಮಾಲೀಕರು ಕೊಲ್ಲಿ ದೇಶಗಳಲ್ಲಿ, ಮುಂಬಯಿಯಲ್ಲಿ ಇದ್ದಾರೆ. ಬೀಗದ ಕೈ ಭಾವನ ಹತ್ತಿರ, ಚಿಕ್ಕಪ್ಪನ ಹತ್ತಿರ, ಕೆಲವೊಮ್ಮೆ ವಾಚ್‌ಮನ್ ಹತ್ತಿರ ಇರುತ್ತದೆ. ಹೆಚ್ಚಿನವರು ಒಳ್ಳೆಯ ಜನ, ಅದರಲ್ಲಿ ಅನುಮಾನವಿಲ್ಲ. ಆದರೆ ಬೀಗದ ಕೈ ಇದ್ದ ಮಾತ್ರಕ್ಕೆ ಅಧಿಕಾರ ಬರುವುದಿಲ್ಲ. ಭಾವನಿಗೂ ಮಾಲೀಕರಿಗೂ ಮನಸ್ತಾಪವಾದ ದಿನ "ನಿಮ್ಮನ್ನು ಮನೆಗೆ ಸೇರಿಸಿದ್ದು ಯಾರು?" ಎಂದು ಮಾಲೀಕರು ಕೇಳುತ್ತಾರೆ. ಅಡ್ವಾನ್ಸ್ ಭಾವನ ಖಾತೆಯಲ್ಲಿ ಕರಗಿರುತ್ತದೆ.

ಇವತ್ತೇ ಮುಗಿಸಬಹುದಾದ ಕೆಲಸ ಇದು. ಮನೆ ತೆರಿಗೆ ರಸೀದಿಯ ಫೋಟೋ ಮತ್ತು ಮೆಸ್ಕಾಂ ಕರೆಂಟ್ ಬಿಲ್ ಕೇಳಿ. ಎರಡರಲ್ಲೂ ಒಂದೇ ಹೆಸರು ಇದೆಯೇ ನೋಡಿ. ಬಿಲ್ಲಿನಲ್ಲಿ ಇನ್ನೂ ಬಿಲ್ಡರ್ ಹೆಸರೇ ಇದ್ದರೆ ಕ್ರಯಪತ್ರದ ಮೊದಲ ಪುಟ ಕೇಳಿ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಕಾರ್ಯದರ್ಶಿಗೆ ಫೋನ್ ಮಾಡಿ, ಆ ಫ್ಲಾಟ್ ಯಾರದು, ಮೇಂಟೆನೆನ್ಸ್ ಬಾಕಿ ಇದೆಯೇ ಕೇಳಿ. ಕೊನೆಗೆ ಮಾಲೀಕರ ಜೊತೆ ವಿಡಿಯೋ ಕಾಲ್. ದುಬೈಯಲ್ಲಿ ಕೆಲಸದ ಹೊತ್ತು ಅಂದರೆ ರಾತ್ರಿಯ ತನಕ ಕಾಯಿರಿ. ಮಾಲೀಕರು ಐದು ನಿಮಿಷವೂ ಮಾತಾಡಲು ಒಪ್ಪುವುದಿಲ್ಲ ಅಂದರೆ ಎಷ್ಟೇ ಒಳ್ಳೆಯ ಗಾಳಿ ಬೆಳಕಿನ ಮನೆಯಾದರೂ ನಾನಾಗಿದ್ದರೆ ಬಿಟ್ಟೇಬಿಡುತ್ತೇನೆ.

ಭಾವನೇ ಸಹಿ ಹಾಕುವುದಾದರೆ ಪವರ್ ಆಫ್ ಅಟಾರ್ನಿ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ ಬೇಕು. "ಇದೆ ಇದೆ" ಎನ್ನುವ ಮಾತು ಸಾಲದು, ಓದಿ ನೋಡಿ. ಎಷ್ಟೋ ಪತ್ರಗಳಲ್ಲಿ ಫ್ಲಾಟ್ ಖರೀದಿ ಮಾಡುವ ಅಥವಾ ಬ್ಯಾಂಕ್ ಸಾಲಕ್ಕೆ ಸಹಿ ಹಾಕುವ ಅಧಿಕಾರ ಮಾತ್ರ ಇರುತ್ತದೆ. ಬಾಡಿಗೆಗೆ ಕೊಡುವ, ಬಾಡಿಗೆ ವಸೂಲಿ ಮಾಡುವ ಮಾತೇ ಇರುವುದಿಲ್ಲ. ವಿದೇಶದಲ್ಲಿ ಬರೆದ ಪತ್ರವಾದರೆ ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಇಷ್ಟೆಲ್ಲ ತಲೆನೋವು ಬೇಡ ಅಂದರೆ ಕರಾರುಪತ್ರವನ್ನು ಕೊರಿಯರ್ ಮಾಡಿ ಮಾಲೀಕರದ್ದೇ ಸಹಿ ತರಿಸಿ.

ಇಷ್ಟರಲ್ಲಿ ಇನ್ನೊಬ್ಬರು ಮನೆ ಹಿಡಿದುಬಿಟ್ಟರೆ? ಆ ಭಯ ನನಗೂ ಅರ್ಥವಾಗುತ್ತದೆ. ಅದಕ್ಕೆ ಟೋಕನ್ ಕೊಡಿ, ಆದರೆ ಸಣ್ಣ ಮೊತ್ತ, ಮಾಲೀಕರ ಹೆಸರಿನ ಖಾತೆಗೇ. ಜೊತೆಗೆ ಮಾಲೀಕರಿಗೆ ಒಂದು ವಾಟ್ಸ್‌ಆ್ಯಪ್ ಸಂದೇಶ ಹಾಕಿ: ಯಾವ ಫ್ಲಾಟ್, ಎಷ್ಟು ಹಣ, ಯಾವ ದಿನದವರೆಗೆ ಮನೆ ಹಿಡಿದಿಡುತ್ತಾರೆ, ದಾಖಲೆ ಸರಿಯಿಲ್ಲದಿದ್ದರೆ ಹಣ ವಾಪಸ್. ಅವರು "ಓಕೆ" ಎಂದು ಬರೆಯಲಿ. ಮಗಳ ಕೆಲಸದ ಪತ್ರ, ಆಧಾರ್, ಯಾವತ್ತು ಬರುತ್ತಾಳೆ ಎನ್ನುವ ತಾರೀಕು ಕೂಡ ಅದೇ ಹೊತ್ತಿಗೆ ಕಳಿಸಿ. ದೂರದಲ್ಲಿರುವ ಮಾಲೀಕರಿಗೆ ಬೇಕಾದದ್ದು ಫೋನ್ ಎತ್ತುವ, ಹೇಳಿದ ದಿನ ಬಾಡಿಗೆ ಹಾಕುವ ಬಾಡಿಗೆದಾರರು. ಕಾಯುತ್ತಿರುವ ಆ ಮೂವರಿಗಿಂತ ನೀವು ಮುಂದೆ ಹೋಗುವುದು ಹೀಗೆ.

ಇನ್ನೊಂದು ವಿಷಯ. ಇದನ್ನು ಬ್ರೋಕರ್‌ಗಳು ಹೇಳುವುದೇ ಇಲ್ಲ. ಮಾಲೀಕರು ಅನಿವಾಸಿ ಭಾರತೀಯರಾದರೆ ಬಾಡಿಗೆ ಕೊಡುವಾಗ ಟಿಡಿಎಸ್ (ಆದಾಯ ತೆರಿಗೆಯನ್ನು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವುದು) ಕಡಿತ ಮಾಡುವ ಹೊಣೆ ಬಾಡಿಗೆದಾರರದ್ದು. ತಿಂಗಳಿಗೆ 50,000 ರೂಪಾಯಿ ದಾಟಿದರೆ ಮಾತ್ರ ಎನ್ನುವ ಮಿತಿ ದೇಶದಲ್ಲೇ ಇರುವ ಮಾಲೀಕರಿಗೆ. ಅನಿವಾಸಿಗಳಿಗೆ ಆ ಮಿತಿ ಇಲ್ಲ. ದರ ಶೇ 30, ಮೇಲೆ ಸೆಸ್. ನೀವು ಕಡಿತ ಮಾಡದಿದ್ದರೆ ಆದಾಯ ತೆರಿಗೆ ಇಲಾಖೆ ನಿಮ್ಮನ್ನೇ ಕೇಳಬಹುದು. ಭಾವನ ಖಾತೆಗೆ ಹಾಕಿದರೂ ಆದಾಯ ಮಾಲೀಕರದ್ದೇ, ಆದ್ದರಿಂದ ಹೊಣೆ ತಪ್ಪುವುದಿಲ್ಲ. ಕಡಿಮೆ ದರದ ಪ್ರಮಾಣಪತ್ರವನ್ನು ಮಾಲೀಕರು ಇಲಾಖೆಯಿಂದ ಪಡೆಯಬಹುದು. ಕರಾರಿಗೆ ಸಹಿ ಹಾಕುವ ಮೊದಲೇ ಒಬ್ಬ ಸಿಎ ಹತ್ತಿರ ಕೂತು ಇದನ್ನು ಮಾತಾಡಿ ಮುಗಿಸಿ. ಮನೆ ಸೇರಿ ಎರಡು ವರ್ಷದ ಮೇಲೆ ನನ್ನ ಹತ್ತಿರ ಬಂದರೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಕರಾರನ್ನು ನೋಟರಿ ಮಾಡಿಸಿದ್ದೇವೆ. ರಿಜಿಸ್ಟರ್ ಆದ ಹಾಗೆಯೇ ಅಲ್ವಾ? (ಬಿಜೈ)

ಅಲ್ಲ. ನೋಟರಿ ಬೇರೆ, ಉಪನೋಂದಣಿ ಕಚೇರಿಯಲ್ಲಿ ಆಗುವ ನೋಂದಣಿ ಬೇರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿ ಆಗಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. 11 ತಿಂಗಳ ಪದ್ಧತಿ ಬಂದದ್ದೇ ಅದಕ್ಕೆ. ಜೆರಾಕ್ಸ್ ಅಂಗಡಿಯಲ್ಲಿ ಸೀಲು ಹೊಡೆಸಿ "ರಿಜಿಸ್ಟರ್ಡ್ ಅಗ್ರಿಮೆಂಟ್" ಎಂದು ದುಡ್ಡು ಕೀಳುವವರನ್ನು ದಯವಿಟ್ಟು ನಂಬಬೇಡಿ. ಇನ್ನು, 11 ತಿಂಗಳು ಮುಗಿದ ಮರುದಿನ ನಿಮ್ಮ ಸಾಮಾನು ಹೊರಗೆ ಹಾಕುವ ಹಕ್ಕು ಮಾಲೀಕರಿಗೂ ಇಲ್ಲ. ನೀವು ಬಿಡಲು ಒಪ್ಪದಿದ್ದರೆ ಅವರು ಕೋರ್ಟಿಗೇ ಹೋಗಬೇಕು.

ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ ಎಂಬ ಹೊಸ ಕಾನೂನು ಬಂದಿದೆಯಂತಲ್ಲ? (ಸುರತ್ಕಲ್)

ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಆ ಮಿತಿ ಇರುವುದು 2021ರಲ್ಲಿ ಕೇಂದ್ರ ಕೊಟ್ಟ ಮಾದರಿ ಬಾಡಿಗೆ ಕಾಯ್ದೆಯಲ್ಲಿ. ರಾಜ್ಯ ತನ್ನ ಕಾನೂನು ಮಾಡದೆ ಅದು ಇಲ್ಲಿ ನಡೆಯುವುದಿಲ್ಲ. ಆ ಸಂದೇಶ ತೋರಿಸಿ ಮಾಲೀಕರ ಜೊತೆ ಜಗಳಕ್ಕೆ ನಿಂತು ಮನೆ ಕಳೆದುಕೊಳ್ಳಬೇಡಿ.

ಸೈನ್ಯದ ಅಧಿಕಾರಿಯ ಫ್ಲಾಟ್, ಬಾಡಿಗೆ ತುಂಬ ಕಮ್ಮಿ. ಕ್ಯೂಆರ್ ಕೋಡ್ ಕಳಿಸಿದ್ದಾರೆ. (ಉಡುಪಿ)

ಮೋಸ. ಹಣ ಹಾಕಿಯಾಗಿದ್ದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ಮನೆ ಬದಲಾಯಿಸಬಾರದು ಎಂದು ಅಮ್ಮ ಹೇಳುತ್ತಾರೆ. ಅಷ್ಟರಲ್ಲಿ ಮನೆ ಕೈತಪ್ಪಿದರೆ? (ಕುಂಜಿಬೆಟ್ಟು)

ಅಮ್ಮನ ಮಾತು ನಡೆಯಲಿ, ಮುಂದಿನ ತಿಂಗಳು ಸೋಣದಲ್ಲೇ ಹಾಲು ಉಕ್ಕಿಸಿ. ಆದರೆ ಮನೆ ನೋಡುವುದನ್ನು ಆಟಿಯಲ್ಲೇ ಮಾಡಿ. ಆಗ ಮನೆ ಹುಡುಕುವವರು ಕಡಿಮೆ, ಮಾಲೀಕರು ಸಮಾಧಾನದಿಂದ ಮಾತಾಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಸುರಿಯುವ ಮಳೆಯಲ್ಲಿ ಗೋಡೆ ಸುಳ್ಳು ಹೇಳುವುದಿಲ್ಲ. ಪಡುವಣ ಬದಿಯ ಗೋಡೆ ಮುಟ್ಟಿ ನೋಡಿ. ಕಪಾಟಿನ ಹಿಂದೆ ಬೂಷ್ಟು ಇದೆಯೇ, ಕೊನೆಯ ಮಹಡಿಯಾದರೆ ಸೀಲಿಂಗ್ ಒದ್ದೆಯೇ, ಒಂದೇ ಗೋಡೆಗೆ ಮಾತ್ರ ಹೊಸ ಪೇಂಟ್ ಯಾಕೆ ಎಂದು ಕೇಳಿ. ಬೇಸಿಗೆಯ ನೀರಿನ ಬಗ್ಗೆಯೂ ಆಗಲೇ ಮಾತಾಡಿ. ಮಂಗಳೂರಿಗೆ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಬಜೆ ಅಣೆಕಟ್ಟಿನಿಂದ ನೀರು ಬರಬೇಕು. ಅಲ್ಲಿ ನೀರು ಇಳಿದರೆ ನಲ್ಲಿಯಲ್ಲೂ ಇಲ್ಲ. ಕಟ್ಟಡಕ್ಕೆ ಬಾವಿ ಇದೆಯೇ, ಟ್ಯಾಂಕರ್ ತರಿಸಿದರೆ ದುಡ್ಡು ಯಾರು ಕೊಡುವುದು ಎನ್ನುವುದನ್ನು ಕರಾರಿನಲ್ಲೇ ಬರೆಸಿ.

ಮೀನು ತಿನ್ನುವವರಿಗೆ ಮನೆ ಇಲ್ಲ ಎನ್ನುತ್ತಾರೆ. ಹೇಳದೆ ಸೇರಿಕೊಳ್ಳಬಹುದೇ? (ಪರ್ಕಳ)

ಬೇಡ. ದಿನಾ ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡುವ ಮನೆ ನಿಮಗೆ ಯಾಕೆ? ಮೊದಲ ಫೋನಿನಲ್ಲೇ ಹೇಳಿ, ಬೇಡ ಎಂದವರನ್ನು ಬಿಟ್ಟು ಮುಂದಿನ ಮನೆ ನೋಡಿ.

ಗೃಹಜ್ಯೋತಿ ನಮಗೆ ಸಿಗುತ್ತಿಲ್ಲ, ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆಯಾಗಿದೆ. (ಕೊಟ್ಟಾರ)

ಅದನ್ನು ತೆಗೆಸಿ ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಿ. ಬಾಡಿಗೆದಾರರಿಗೂ ಯೋಜನೆ ಇದೆ.

ತಿಂಗಳ ಬಾಡಿಗೆ ಇಲ್ಲ, ಒಟ್ಟಿಗೆ 8 ಲಕ್ಷ ಕೊಟ್ಟು ಮೂರು ವರ್ಷ ಲೀಸ್ ಎನ್ನುತ್ತಾರೆ. (ಪದವಿನಂಗಡಿ)

ನನ್ನ ಕಕ್ಷಿದಾರರಿಗೆ ನಾನು ಬೇಡ ಎಂದೇ ಹೇಳುವುದು. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕರು ಕಂತು ಕಟ್ಟದಿದ್ದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ನೋಂದಣಿ ಆಗದ ಲೀಸ್ ಆಗ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೂ ಹಕ್ಕುಪತ್ರ ಅಡವಿಟ್ಟ ಸಾಲ ಅದರಲ್ಲಿ ಕಾಣದೇ ಇರಬಹುದು. ಕೊಡಲೇಬೇಕು ಎಂದಾದರೆ ಮೂಲ ಕ್ರಯಪತ್ರ ಕಣ್ಣಾರೆ ನೋಡಿ, ಲೀಸನ್ನು ನೋಂದಣಿ ಮಾಡಿಸಿ, ಆಮೇಲೆ ಹಣ. ಮೂಲ ಪತ್ರ ಬ್ಯಾಂಕಿನಲ್ಲಿದೆ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ.