ರೋಬೋಟ್ ತುದಿಗೆ 24,000 ಆರ್‌ಪಿಎಂ ಸ್ಪಿಂಡಲ್ (ಕಟ್ಟರ್ ತಿರುಗಿಸುವ ಮೋಟಾರ್) ಕಟ್ಟಿದ್ದೇವೆ, 8,000ದಲ್ಲೇ ಓಡಿಸಿದರೆ ಸೇಫಾ?

ಅಯ್ಯೋ, ಇದು ನನ್ನದೇ ಹಳೇ ಪ್ರಶ್ನೆ. ಪೀಣ್ಯದಲ್ಲಿ ನಮ್ಮದು ಚಿಕ್ಕ ಶೆಡ್. ಸೆಕೆಂಡ್ ಹ್ಯಾಂಡ್ ರೋಬೋಟ್ ತಂದು, ಫೌಂಡ್ರಿಗಳಿಗೆ ಎರಕದ ಅಚ್ಚಿಗೆ ಬೇಕಾದ ಥರ್ಮಾಕೋಲ್ ಪ್ಯಾಟರ್ನ್ ಕೊರೆದು ಕೊಡುತ್ತಿದ್ದೆವು.

ಒಂದು ದಿನ ಆಳವಾದ ಪಾಕೆಟ್ ಇರುವ ಕೆಲಸ ಬಂತು. 12 ಮಿ.ಮೀ. ಶ್ಯಾಂಕಿನ (ಹಿಡಿ ಕಡ್ಡಿಯ) ಉದ್ದನೆ ಸ್ಟೀಲ್ ಕಟ್ಟರ್ ಹಾಕಿದೆ, ಅದನ್ನು ಹಿಡಿದಿಡುವ ಕೊಲೆಟ್‌ನಿಂದ ಹೊರಗೇ 200 ಮಿ.ಮೀ. ಇತ್ತು. ಪೆಂಡೆಂಟ್ (ರೋಬೋಟ್ ನಡೆಸುವ ಕೈ ರಿಮೋಟ್) ಹಿಡಿದು ರೋಬೋಟ್ ಸುತ್ತಲಿನ ಬೇಲಿಯ ಒಳಗೆ ನಿಂತೆ. ಮ್ಯಾನ್ಯುಯಲ್ ಮೋಡ್ ತಾನೇ, ಸೆಕೆಂಡಿಗೆ 250 ಮಿ.ಮೀ. ದಾಟುವುದಿಲ್ಲ, ಏನಾಗುತ್ತೆ ಅಂತ. ತಪ್ಪಾಗಿದ್ದು ಇಲ್ಲೇ. ಆ 250 ರೋಬೋಟ್ ಕೈಯ ಮಿತಿ, ಸ್ಪಿಂಡಲ್‌ಗೆ ಅದು ಲೆಕ್ಕಕ್ಕೇ ಇಲ್ಲ. ಕೈ ಆಮೆ ಥರ ಹೋಗುತ್ತಿದ್ದರೂ ತುದಿಯಲ್ಲಿ ಕಟ್ಟರ್ ಪೂರ್ತಿ ವೇಗದಲ್ಲೇ ತಿರುಗುತ್ತಿರುತ್ತದೆ. ಹಿಂದಿನ ಕೆಲಸ 6 ಮಿ.ಮೀ. ಗಿಡ್ಡ ಕಟ್ಟರ್‌ನದ್ದು, 18,000 ಅಂತ ಪ್ರೋಗ್ರಾಂನಲ್ಲಿ ಹಾಗೇ ಉಳಿದಿತ್ತು. ನಾನು ಕಟ್ಟರ್ ಬದಲಿಸಿದೆ, ನಂಬರ್ ಬದಲಿಸಲಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಕಟ್ಟರ್ ಬದಲಿಸಿದೆ, ನಂಬರ್ ಬದಲಿಸಲಿಲ್ಲ. ಸ್ಟಾರ್ಟ್ ಒತ್ತಿದೆ, ಸದ್ದು ಏರಿತು, ಕಟ್ಟರ್ ಇನ್ನೂ ಏನನ್ನೂ ಮುಟ್ಟಿಯೇ ಇರಲಿಲ್ಲ, ಗಾಳಿಯಲ್ಲೇ ಬಗ್ಗಿ ಮುರಿದು ಹಾರಿತು. ನನ್ನ ಮೊಣಕೈ ಪಕ್ಕದಿಂದ ಹೋಗಿ ರೋಲಿಂಗ್ ಶಟರ್‌ಗೆ ಬಡಿಯಿತು. ಸ್ಪಿಂಡಲ್ ಬೇರಿಂಗೂ ಹೋಯಿತು, ಮೂರು ವಾರ ಕೆಲಸವಿಲ್ಲ.

ಆಮೇಲೆ ಲೆಕ್ಕ ಹಾಕಿ ನೋಡಿದೆ. ಅಷ್ಟು ಉದ್ದ ಚಾಚಿದ 12 ಮಿ.ಮೀ. ಸ್ಟೀಲ್ ಕಡ್ಡಿ ಸುಮಾರು 12,700 ಆರ್‌ಪಿಎಂಗೇ ತಾನಾಗಿ ಬಳುಕಲು ಶುರುಮಾಡುತ್ತದೆ, ತುದಿಯಲ್ಲಿ ಭಾರವಿದ್ದರೆ ಇನ್ನೂ ಬೇಗ. ಚಾಚಿದ ಉದ್ದ ಎರಡರಷ್ಟಾದರೆ ಆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ.

ಹಾಗಾಗಿ ನಿಮ್ಮ 8,000ಕ್ಕೆ ಅರ್ಥವಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಕಟ್ಟರ್‌ಗೆ ಅದೇ ಜಾಸ್ತಿ, ಇನ್ನೊಂದಕ್ಕೆ ತೀರಾ ಕಡಿಮೆ. ಕಡಿಮೆ ಅಂದರೆ ಸೇಫ್ ಅಂತಲೂ ಅಲ್ಲ. ಎರಡು ಹಲ್ಲಿನ ಕಟ್ಟರ್ 18,000ದಲ್ಲಿ ನಿಮಿಷಕ್ಕೆ 6 ಮೀಟರ್ ಮುಂದೆ ಸಾಗುವ ಫೀಡ್‌ಗೆ ಒಂದು ಹಲ್ಲಿಗೆ 0.17 ಮಿ.ಮೀ. ಕಚ್ಚುತ್ತದೆ. ಫೀಡ್ ಮುಟ್ಟದೆ 6,000ಕ್ಕೆ ಇಳಿಸಿದರೆ ಅರ್ಧ ಮಿ.ಮೀ. ರೋಬೋಟ್ ಕೈ ಸಿಎನ್‌ಸಿ ಮಷೀನಿನಷ್ಟು ಗಟ್ಟಿ ಅಲ್ಲವಲ್ಲ, ಆ ಎಳೆತಕ್ಕೆ ಗಡಗಡ ನಡುಗುತ್ತದೆ. ಫ್ಯಾನ್ ಶಾಫ್ಟ್‌ಗೇ ಇರುವ ಏರ್ ಕೂಲ್ ಸ್ಪಿಂಡಲ್ ಆಗಿದ್ದರೆ ನಿಧಾನಕ್ಕೆ ಓಡಿಸಿದಷ್ಟೂ ಬಿಸಿಯಾಗುತ್ತದೆ ಬೇರೆ.

ಕಟ್ಟರ್ ಮೇಲೆ ಗರಿಷ್ಠ ಆರ್‌ಪಿಎಂ ಬರೆದಿದ್ದರೆ ಅದನ್ನು ಯಾವತ್ತೂ ದಾಟಬೇಡಿ. ಆದರೆ ಆ ಅಂಕಿ ಗಿಡ್ಡಗೆ ಹಿಡಿದಾಗಿನದು ಅಂತಲೇ ಇಟ್ಟುಕೊಳ್ಳಿ. ಒಂದೊಂದು ಕಟ್ಟರ್‌ಗೂ ಮಿತಿ ಬರೆದು ಕಂಟ್ರೋಲರ್‌ಗೆ ಹಾಕಿ, ಅದು ದಾಟಿದರೆ ಸ್ಪಿಂಡಲ್ ಸ್ಟಾರ್ಟೇ ಆಗಬಾರದು. ಉದ್ದನೆಯದು ಹಾಕಿದ ದಿನ ಸ್ಪಿಂಡಲ್ ವೇಗ ನಿಯಂತ್ರಿಸುವ ಡ್ರೈವ್‌ನಲ್ಲೇ ಗರಿಷ್ಠ ಫ್ರೀಕ್ವೆನ್ಸಿ ಇಳಿಸಿಬಿಡಿ. ಎರಡು ಪೋಲ್ ಮೋಟಾರ್‌ಗೆ 400 ಹರ್ಟ್ಸ್ ಅಂದರೆ 24,000, 100 ಅಂದರೆ 6,000, ಅಷ್ಟೇ. ಪ್ರೋಗ್ರಾಂ ಬರೆಯುವವನನ್ನು ನಂಬಬೇಡಿ, ನಮ್ಮಲ್ಲಿ ಬರೆದವನು ನಾನೇ.

ಇನ್ನೊಂದು, ಕೆಂಪು ಬಟನ್ ಒತ್ತಿ ಗಡಿಯಾರ ನೋಡಿ. ನಮ್ಮದು ಪೂರ್ತಿ ನಿಲ್ಲಲು 40 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು, ಡ್ರೈವ್‌ಗೆ ಬ್ರೇಕ್ ರೆಸಿಸ್ಟರ್ ಹಾಕಿಸಿ ನಿಲ್ಲಿಸುವ ಸಮಯ ಸೆಟ್ ಮಾಡಿದ ಮೇಲೆ 6. ರೋಬೋಟ್ ನಿಂತಿತು ಅಂದಕೂಡಲೇ ಹುಡುಗರು ಬೇಲಿ ಬಾಗಿಲು ತೆಗೆದು ಒಳಗೆ ಬಂದುಬಿಡುತ್ತಾರೆ. ಅವರಿಗೆ 40 ಸೆಕೆಂಡ್ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು?